ಗೇರ್ ಅನುಪಾತ, ಎಂಜಿನ್ ಸಾಮರ್ಥ್ಯ ಮತ್ತು ವಾಹನದ ವೇಗೋತ್ಕರ್ಷ: ಖರೀದಿದಾರರಿಗೆ ಒಂದು ಲೆಕ್ಕಾಚಾರ

ಹೊಸ ಕಾರನ್ನೋ ಸರಕು ಸಾಗಣೆ ವಾಹನವನ್ನೋ ಕೊಳ್ಳಲು ಮಳಿಗೆಗೆ ಹೋದ ವರ್ತಕರ ಕೈಗೆ ಮೊದಲು ಬರುವುದು ಬಣ್ಣದ ಪರಿಚಯ ಪತ್ರ. ಅದರ ಕೊನೆಯ ಪುಟದಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಗರಿಷ್ಠ ಸಾಮರ್ಥ್ಯ, ಇನ್ನೊಂದು ಗರಿಷ್ಠ ಟಾರ್ಕ್. ಮಾರಾಟ ಪ್ರತಿನಿಧಿ ತನ್ನ ವಾಹನದಲ್ಲಿ ಯಾವ ಅಂಕಿ ದೊಡ್ಡದಿದೆಯೋ ಅದನ್ನೇ ಬೆರಳಿಟ್ಟು ತೋರಿಸುತ್ತಾನೆ. ಅದೇ ಪುಟದಲ್ಲಿ, ಅಥವಾ ವಾಹನದೊಡನೆ ಕೊಡುವ ಕೈಪಿಡಿಯಲ್ಲಿ, ಇನ್ನೂ ಸಣ್ಣ ಅಕ್ಷರಗಳಲ್ಲಿ ಗೇರ್ ಅನುಪಾತಗಳ ಪಟ್ಟಿ ಇರುತ್ತದೆ. ಅದನ್ನು ಓದುವವರು ಬಹಳ ವಿರಳ.

ಕೊಬ್ಬರಿ ಕೊಳ್ಳುವಾಗ ತೇವಾಂಶವನ್ನೂ, ಕಬ್ಬಿಣ ಕೊಳ್ಳುವಾಗ ತೂಕವನ್ನೂ ತಾವೇ ನಿಂತು ಪರೀಕ್ಷಿಸುವ ವರ್ತಕರು ಎಂಟು, ಹತ್ತು ಲಕ್ಷ ರೂಪಾಯಿಯ ವಾಹನದ ವಿಷಯದಲ್ಲಿ ಮಾತ್ರ ಹೇಳಿಕೆಯನ್ನು ನಂಬಿ ಸಹಿ ಹಾಕುವುದು ಸೋಜಿಗದ ಸಂಗತಿ. ತಪ್ಪು ಆಯ್ಕೆಯ ವೆಚ್ಚವನ್ನು ಮುಂದಿನ ಏಳೆಂಟು ವರ್ಷ ಇಂಧನದಲ್ಲಿ, ಸಮಯದಲ್ಲಿ, ಕ್ಲಚ್ಚಿನ ಸವೆತದಲ್ಲಿ ಭರಿಸಬೇಕಾಗುತ್ತದೆ. ದ್ವಿಪಥ ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕುವ ಕ್ಷಣದಲ್ಲಿ ಈ ಅಂಕಿಗಳ ಅರ್ಥ ಹಣಕ್ಕಿಂತ ದೊಡ್ಡದಾಗುತ್ತದೆ. ಈ ಲೆಕ್ಕ ಕಷ್ಟದ್ದಲ್ಲ. ಗುಣಾಕಾರ, ಭಾಗಾಕಾರ ಬಲ್ಲವರೆಲ್ಲರೂ ಮಾಡಬಹುದಾದದ್ದು.

ಟಾರ್ಕ್ ಮತ್ತು ಸಾಮರ್ಥ್ಯ

ಟಾರ್ಕ್ ಎಂದರೆ ತಿರುಗಿಸುವ ಬಲ. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ ನಟ್ಟಿನ ಮೇಲೆ ಬೀಳುವ ಟಾರ್ಕ್ 10 ಕೆ.ಜಿ.-ಮೀಟರ್, ಅಂದರೆ ಸುಮಾರು 98 ನ್ಯೂಟನ್-ಮೀಟರ್. ತುಕ್ಕು ಹಿಡಿದ ನಟ್ಟು ಕದಲದೆ ಹೋದರೂ ಟಾರ್ಕ್ ಇದ್ದೇ ಇರುತ್ತದೆ, ಆದರೆ ಕೆಲಸ ಮಾತ್ರ ನಡೆದಿರುವುದಿಲ್ಲ. ನಿಗದಿತ ಕಾಲದಲ್ಲಿ ಎಷ್ಟು ಕೆಲಸ ನಡೆಯಿತು ಎಂಬುದರ ಅಳತೆಯೇ ಸಾಮರ್ಥ್ಯ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಅಕ್ಕಿಯ ಸಗಟು ವರ್ತಕನಿಗೆ ಮೂಟೆಯೊಂದರ ಮೇಲೆ ದೊರೆಯುವ ಲಾಭವು ಟಾರ್ಕ್ ಇದ್ದಂತೆ. ದಿನಕ್ಕೆ ಮಾರಾಟವಾಗುವ ಮೂಟೆಗಳ ಸಂಖ್ಯೆಯು ಎಂಜಿನ್ನಿನ ಸುತ್ತುಗಳಿದ್ದಂತೆ. ದಿನದ ಕೊನೆಗೆ ಗಲ್ಲಾಪೆಟ್ಟಿಗೆಯಲ್ಲಿ ಉಳಿಯುವ ಒಟ್ಟು ಲಾಭವು ಸಾಮರ್ಥ್ಯವಿದ್ದಂತೆ. ಮೂಟೆಗೆ 40 ರೂಪಾಯಿ ಲಾಭದಲ್ಲಿ 100 ಮೂಟೆ ಮಾರಿದವನಿಗೆ 4,000 ರೂಪಾಯಿ. 25 ರೂಪಾಯಿ ಲಾಭದಲ್ಲಿ 200 ಮೂಟೆ ಮಾರಿದವನಿಗೆ 5,000 ರೂಪಾಯಿ. ಮೂಟೆಯ ಲಾಭವನ್ನಷ್ಟೇ ಕೇಳಿ ಅಂಗಡಿಯ ಬೆಲೆ ಕಟ್ಟುವವರು ಯಾರೂ ಇಲ್ಲ. ಆದರೆ ಟಾರ್ಕ್ ಅಂಕಿಯನ್ನಷ್ಟೇ ಕೇಳಿ ಎಂಜಿನ್ನಿಗೆ ಬೆಲೆ ಕಟ್ಟುವವರು ಬಹಳ ಮಂದಿ ಇದ್ದಾರೆ.

ಸೂತ್ರವೂ ಅಷ್ಟೇ ಸರಳ. ನ್ಯೂಟನ್-ಮೀಟರ್‌ನಲ್ಲಿರುವ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್‌ನಲ್ಲಿ ಸಾಮರ್ಥ್ಯ ದೊರೆಯುತ್ತದೆ. ಪರಿಚಯ ಪತ್ರಗಳಲ್ಲಿ ಇದೇ ಸಾಮರ್ಥ್ಯವನ್ನು ಕೆಲವರು ಪಿ.ಎಸ್. ಎಂದೂ ಕೆಲವರು ಬಿ.ಎಚ್.ಪಿ. ಎಂದೂ ಬರೆಯುತ್ತಾರೆ. ಒಂದು ಪಿ.ಎಸ್. ಎಂದರೆ 75 ಕಿಲೋಗ್ರಾಂ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಸಾಮರ್ಥ್ಯ, ಅಂದರೆ 735.5 ವ್ಯಾಟ್. ಬಿ.ಎಚ್.ಪಿ.ಯು ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರಗಳನ್ನು ಗಾಣದ ಕುದುರೆಗಳಿಗೆ ಹೋಲಿಸಿ ಮಾರಲು ಬಳಸಿದ ಅಶ್ವಶಕ್ತಿಯ ಮಾಪನದಿಂದ ಬಂದದ್ದು, ಸುಮಾರು 745.7 ವ್ಯಾಟ್. 100 ಪಿ.ಎಸ್. ಎಂಬುದು 98.6 ಬಿ.ಎಚ್.ಪಿ.ಗೆ ಸಮ. ವ್ಯತ್ಯಾಸ ಅಲ್ಪವಾದರೂ ಎರಡು ವಾಹನಗಳನ್ನು ಹೋಲಿಸುವಾಗ ಎರಡನ್ನೂ ಕಿಲೋವ್ಯಾಟ್‌ಗೆ ತಂದುಕೊಳ್ಳುವುದು ಲೇಸು. ಸೇರು, ಪಾವುಗಳಲ್ಲಿ ಒಂದು ದರವನ್ನೂ ಕಿಲೋದಲ್ಲಿ ಇನ್ನೊಂದು ದರವನ್ನೂ ಯಾರೂ ಹೋಲಿಸುವುದಿಲ್ಲ.

ಗೇರ್ ಪೆಟ್ಟಿಗೆ ಮಾಡುವ ವಿನಿಮಯ

ಗೇರ್ ಪೆಟ್ಟಿಗೆಯು ನೋಟು ಮುರಿಸುವ ಅಂಗಡಿಯಂತೆ. ನೂರರ ಒಂದು ನೋಟು ಕೊಟ್ಟರೆ ಹತ್ತರ ಹತ್ತು ನೋಟು ದೊರೆಯುತ್ತವೆ, ಹಣದ ಮೊತ್ತ ಹೆಚ್ಚುವುದಿಲ್ಲ. ಅಂಗಡಿಯವನು ವಟ್ಟ ಹಿಡಿದುಕೊಂಡರೆ ತುಸು ಕಡಿಮೆಯೇ ಆಗುತ್ತದೆ. ಹಾಗೆಯೇ ಗೇರ್ ಪೆಟ್ಟಿಗೆಯು ಎಂಜಿನ್ನಿನ ಸುತ್ತುಗಳನ್ನು ತಗ್ಗಿಸಿ ಅದೇ ಪ್ರಮಾಣದಲ್ಲಿ ಟಾರ್ಕನ್ನು ಹೆಚ್ಚಿಸುತ್ತದೆ. ಗೇರ್ ಅನುಪಾತ 3.5 ಎಂದರೆ ಎಂಜಿನ್ ಮೂರೂವರೆ ಸುತ್ತು ತಿರುಗಿದಾಗ ಹೊರಬರುವ ಶಾಫ್ಟು ಒಂದು ಸುತ್ತು ತಿರುಗುತ್ತದೆ, ಆದರೆ ಮೂರೂವರೆ ಪಟ್ಟು ಟಾರ್ಕ್‌ನೊಡನೆ. ಅದರ ನಂತರ ಗ್ಯಾರೇಜಿನವರು ಕ್ರೌನ್-ಪಿನಿಯನ್ ಎಂದು ಕರೆಯುವ ಅಂತಿಮ ಗೇರು ಇದೇ ಕೆಲಸವನ್ನು ಇನ್ನೊಮ್ಮೆ ಮಾಡುತ್ತದೆ. ಎರಡೂ ಅನುಪಾತಗಳನ್ನು ಗುಣಿಸಿದರೆ ಒಟ್ಟು ಅನುಪಾತ ದೊರೆಯುತ್ತದೆ. ದಾರಿಯಲ್ಲಿ ಹಲ್ಲುಗಳ ಘರ್ಷಣೆಗೂ ಎಣ್ಣೆಯನ್ನು ಕಲಕುವುದಕ್ಕೂ ಖರ್ಚಾಗುವ ಸುಮಾರು ಶೇಕಡಾ 10ರಷ್ಟು ಭಾಗವೇ ಇಲ್ಲಿಯ ವಟ್ಟ.

ಯಾವ ಗೇರೂ ಸಾಮರ್ಥ್ಯವನ್ನು ಹುಟ್ಟಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಚಕ್ರಗಳಿಗೆ ತಲುಪಿದ ಸಾಮರ್ಥ್ಯವನ್ನು ವಾಹನದ ಆ ಕ್ಷಣದ ವೇಗದಿಂದ ಭಾಗಿಸಿದರೆ ವಾಹನವನ್ನು ಮುಂದಕ್ಕೆ ತಳ್ಳುವ ಬಲ ದೊರೆಯುತ್ತದೆ. ಆ ಬಲದಲ್ಲಿ ಗಾಳಿಯ ಮತ್ತು ರಸ್ತೆಯ ಪ್ರತಿರೋಧವನ್ನು ಕಳೆದು ಉಳಿದದ್ದನ್ನು ವಾಹನದ ತೂಕದಿಂದ ಭಾಗಿಸಿದರೆ ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೆ ಎಷ್ಟು ವೇಗ ಕೂಡುತ್ತದೆ ಎಂಬ ಲೆಕ್ಕ, ಕೈಗೆ ಬರುತ್ತದೆ. ಒಂದೇ ಸಾಮರ್ಥ್ಯಕ್ಕೆ ವೇಗ ಇಮ್ಮಡಿಯಾದರೆ ಬಲ ಅರ್ಧಕ್ಕಿಳಿಯುತ್ತದೆ. ನಗರದಲ್ಲಿ ಚುರುಕಾಗಿ ನೆಗೆಯುವ ಕಾರು ಗಂಟೆಗೆ 100 ಕಿ.ಮೀ. ಮುಟ್ಟಿದ ಮೇಲೆ ಮಂಕಾಗುವುದಕ್ಕೆ ಗಾಳಿಯ ಪ್ರತಿರೋಧದೊಡನೆ ಈ ಭಾಗಾಕಾರವೂ ಕಾರಣ.

ಹಾಗಿದ್ದರೆ ಗೇರಿನ ಕೆಲಸವೇನು? ರಸ್ತೆಯ ವೇಗ ಎಷ್ಟೇ ಇರಲಿ, ಎಂಜಿನ್ ತನ್ನ ಹೆಚ್ಚಿನ ಸಾಮರ್ಥ್ಯ ನೀಡುವ ಸುತ್ತುಗಳಲ್ಲಿ ಇರುವಂತೆ ಮಾಡುವುದು. ಅಷ್ಟೇ. ಆದರೆ ಆ ‘ಅಷ್ಟೇ’ ಎಷ್ಟು ದೊಡ್ಡದು ಎಂಬುದನ್ನು ಅಂಕಿಗಳಲ್ಲಿ ಕಾಣಬೇಕು.

ಒಂದು ಕಾರಿನ ಲೆಕ್ಕ

1,200 ಸಿ.ಸಿ. ವರ್ಗದ ಪೆಟ್ರೋಲ್ ಕಾರೊಂದನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಬಹುದು. ಇಬ್ಬರು ಕುಳಿತಾಗ ಒಟ್ಟು ತೂಕ 1,000 ಕೆ.ಜಿ. ಚಕ್ರದ ತ್ರಿಜ್ಯ 0.30 ಮೀಟರ್. ಅಂತಿಮ ಗೇರ್ 4.4. ಐದು ಗೇರುಗಳ ಅನುಪಾತ ಕ್ರಮವಾಗಿ 3.5, 1.9, 1.3, 0.95 ಮತ್ತು 0.75. ಎಂಜಿನ್ನಿನ ಟಾರ್ಕ್ 2,000 ಸುತ್ತಿನಲ್ಲಿ 98, 3,000ದಲ್ಲಿ 106, 4,000ದಲ್ಲಿ 110, 5,000ದಲ್ಲಿ 106, 6,000 ಸುತ್ತಿನಲ್ಲಿ 97 ನ್ಯೂಟನ್-ಮೀಟರ್. ಮೇಲಿನ ಸೂತ್ರದಂತೆ ಸಾಮರ್ಥ್ಯವು ಕ್ರಮವಾಗಿ 20.5, 33.3, 46.1, 55.5 ಮತ್ತು 61 ಕಿಲೋವ್ಯಾಟ್ ಆಗುತ್ತದೆ. ಟಾರ್ಕ್ 4,000 ಸುತ್ತಿನ ನಂತರ ಇಳಿಯತೊಡಗಿದರೂ ಸಾಮರ್ಥ್ಯ ಏರುತ್ತಲೇ ಇರುವುದನ್ನು ಗಮನಿಸಬೇಕು. ಮೂಟೆಯ ಮೇಲಿನ ಲಾಭ ತುಸು ತಗ್ಗಿದರೂ ಮಾರಾಟ ಅದಕ್ಕಿಂತ ವೇಗವಾಗಿ ಬೆಳೆದಂತೆ.

ಈ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಲಾರಿಯೊಂದರ ಹಿಂದೆ ಬರುತ್ತಿದೆ. ಚಾಲಕ ಆಕ್ಸಲರೇಟರನ್ನು ಪೂರ್ತಿ ಒತ್ತಿ 80 ಕಿ.ಮೀ. ವೇಗಕ್ಕೇರಿ ಹಿಂದಿಕ್ಕಬೇಕು. ಆ ಕ್ಷಣದಲ್ಲಿ ಗೇರ್ ಯಾವುದಿದೆ ಎಂಬುದರ ಮೇಲೆ ಫಲಿತಾಂಶ ಹೀಗಿರುತ್ತದೆ:

ಎರಡನೇ ಗೇರ್: ಎಂಜಿನ್ 4,435 ಸುತ್ತು, ಸಾಮರ್ಥ್ಯ 50.6 ಕಿಲೋವ್ಯಾಟ್, ಚಕ್ರದ ಬಲ ಸುಮಾರು 2,730 ನ್ಯೂಟನ್, 80 ಮುಟ್ಟಲು ಸುಮಾರು 2.4 ಸೆಕೆಂಡು.
ಮೂರನೇ ಗೇರ್: 3,035 ಸುತ್ತು, 33.7 ಕಿಲೋವ್ಯಾಟ್, 1,820 ನ್ಯೂಟನ್, ಸುಮಾರು 3.6 ಸೆಕೆಂಡು.
ನಾಲ್ಕನೇ ಗೇರ್: 2,217 ಸುತ್ತು, 23.2 ಕಿಲೋವ್ಯಾಟ್, 1,250 ನ್ಯೂಟನ್, ಸುಮಾರು 5.6 ಸೆಕೆಂಡು.
ಐದನೇ ಗೇರ್: 1,750 ಸುತ್ತು; 17.4 ಕಿಲೋವ್ಯಾಟ್, 940 ನ್ಯೂಟನ್, ಸುಮಾರು 8.3 ಸೆಕೆಂಡು.

ಇಲ್ಲಿ 60 ಕಿ.ಮೀ. ವೇಗದಲ್ಲಿ ಗಾಳಿ ಮತ್ತು ಟೈರುಗಳ ಪ್ರತಿರೋಧವನ್ನು ಒಟ್ಟು 250 ನ್ಯೂಟನ್ ಎಂದು ಕಳೆಯಲಾಗಿದೆ, 80ಕ್ಕೆ ಏರುವಾಗ ಅದು ಸುಮಾರು 340 ನ್ಯೂಟನ್‌ಗೆ ಬೆಳೆಯುತ್ತದೆ. ಎಂಜಿನ್ ಮತ್ತು ಚಕ್ರಗಳ ತಿರುಗುವ ಭಾಗಗಳನ್ನೂ ವೇಗಕ್ಕೆ ತರಬೇಕಾದ ಶ್ರಮವನ್ನು ಬಿಟ್ಟಿರುವುದರಿಂದ ನಿಜವಾದ ಅವಧಿ, ಅದರಲ್ಲೂ ಕೆಳ ಗೇರುಗಳಲ್ಲಿ, ತುಸು ಹೆಚ್ಚಿರುತ್ತದೆ. ಅದರಿಂದ ಕ್ರಮವೇನೂ ಬದಲಾಗುವುದಿಲ್ಲ.

ಅದೇ ಎಂಜಿನ್, ಅದೇ ಕಾರು, ಅದೇ ರಸ್ತೆ. ಐದನೇ ಗೇರಿನಲ್ಲಿ 8.3 ಸೆಕೆಂಡು ಹಿಡಿಯುವ ಕೆಲಸ ಮೂರನೇ ಗೇರಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಅವಧಿಯಲ್ಲಿ ಮುಗಿಯುತ್ತದೆ. ಸರಾಸರಿ 70 ಕಿ.ಮೀ. ವೇಗದಲ್ಲಿ 8.3 ಸೆಕೆಂಡಿಗೆ ಕಾರು ಕ್ರಮಿಸುವ ದೂರ ಸುಮಾರು 160 ಮೀಟರ್, 3.6 ಸೆಕೆಂಡಿಗೆ 70 ಮೀಟರ್. ಎದುರಿನಿಂದ ಬಸ್ಸೊಂದು ಅಷ್ಟೇ ವೇಗದಲ್ಲಿ ಬರುತ್ತಿದ್ದರೆ ಇಬ್ಬರ ನಡುವೆ ಬೇಕಾದ ತೆರವು ಇಮ್ಮಡಿಯಾಗುತ್ತದೆ. ಒಂದು ಗೇರಿನಲ್ಲಿ 320 ಮೀಟರ್ ರಸ್ತೆ ಖಾಲಿ ಇರಬೇಕು, ಇನ್ನೊಂದರಲ್ಲಿ 140 ಮೀಟರ್ ಸಾಕು. ಇದು ವೇಗ ಏರಿಸಿಕೊಳ್ಳುವ ಅವಧಿಯ ಲೆಕ್ಕ ಮಾತ್ರ. ಲಾರಿಯನ್ನು ದಾಟಿ ಮತ್ತೆ ಎಡಕ್ಕೆ ಬರುವುದಕ್ಕೆ ಇನ್ನಷ್ಟು ದೂರ ಬೇಕು. ಇಂಧನ ಉಳಿತಾಯಕ್ಕೆಂದು ಸದಾ ಮೇಲಿನ ಗೇರಿನಲ್ಲಿ ಓಡಿಸುವುದನ್ನು ರೂಢಿಸಿಕೊಂಡ ಚಾಲಕ ಹಿಂದಿಕ್ಕುವ ಹೊತ್ತಿನಲ್ಲೂ ಅದನ್ನೇ ಮುಂದುವರಿಸಿದರೆ, ಕೊಂಡ 61 ಕಿಲೋವ್ಯಾಟ್‌ಗಳಲ್ಲಿ 17ನ್ನು ಮಾತ್ರ ಬಳಸಿದಂತಾಗುತ್ತದೆ. ಉಳಿದದ್ದು ಗೋದಾಮಿನಲ್ಲಿ ಬೀಗ ಹಾಕಿದ ಸರಕು.

ಗರಿಷ್ಠ ಟಾರ್ಕ್‌ನ ಬಗೆಗಿನ ತಪ್ಪು ತಿಳಿವಳಿಕೆ

ಎಂಜಿನ್ ಗರಿಷ್ಠ ಟಾರ್ಕ್ ನೀಡುವ ಸುತ್ತಿನಲ್ಲಿ ವಾಹನ ಅತ್ಯಂತ ವೇಗವಾಗಿ ಮುನ್ನುಗ್ಗುತ್ತದೆ, ಅದಕ್ಕಿಂತ ಹೆಚ್ಚು ಸುತ್ತು ತಿರುಗಿಸುವುದು ವ್ಯರ್ಥ ಎಂಬ ನಂಬಿಕೆ ವ್ಯಾಪಕವಾಗಿದೆ. ಒಂದೇ ಗೇರಿನೊಳಗೆ ನೋಡಿದರೆ ಇದು ಸರಿ. ಗೇರುಗಳನ್ನು ಒಂದಕ್ಕೊಂದು ಹೋಲಿಸುವಾಗ ಸರಿಯಲ್ಲ.

ಮೇಲಿನ ಕಾರು ಗಂಟೆಗೆ 79 ಕಿ.ಮೀ. ವೇಗದಲ್ಲಿರುವಾಗ ಮೂರನೇ ಗೇರಿನಲ್ಲಿ ಎಂಜಿನ್ 4,000 ಸುತ್ತಿನಲ್ಲಿರುತ್ತದೆ. ಟಾರ್ಕ್ ಗರಿಷ್ಠ, 110. ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ ಎಂಜಿನ್ ಸುಮಾರು 5,840 ಸುತ್ತಿನಲ್ಲಿರುತ್ತದೆ. ಟಾರ್ಕ್ 98ಕ್ಕೆ ಇಳಿದಿರುತ್ತದೆ, ಎಂಜಿನ್ನಿನ ಸದ್ದೂ ಕಿವಿಗೆ ಹಿತವಾಗಿರುವುದಿಲ್ಲ. ಆದರೂ ಚಕ್ರದ ಬಲವು ಮೂರನೇ ಗೇರಿನಲ್ಲಿ ಸುಮಾರು 1,890 ನ್ಯೂಟನ್ ಇದ್ದರೆ ಎರಡನೇ ಗೇರಿನಲ್ಲಿ ಸುಮಾರು 2,460. ಟಾರ್ಕ್ ಶೇಕಡಾ 11ರಷ್ಟು ಕಡಿಮೆಯಿದ್ದೂ ಬಲ ಶೇಕಡಾ 30ರಷ್ಟು ಹೆಚ್ಚು. ಮೂರನೇ ಗೇರಿನಲ್ಲಿ 46 ಕಿಲೋವ್ಯಾಟ್, ಎರಡನೆಯದರಲ್ಲಿ 60 ಕಿಲೋವ್ಯಾಟ್ ಎಂಬುದೇ ಇದರ ಕಾರಣ. ಯಾವುದೇ ವೇಗದಲ್ಲಿ, ಎಂಜಿನ್ನಿಗೆ ಹೆಚ್ಚು ಸಾಮರ್ಥ್ಯ ನೀಡಲು ಅವಕಾಶ ಕೊಡುವ ಗೇರೇ ಹೆಚ್ಚು ವೇಗೋತ್ಕರ್ಷದ ಗೇರು.

ಗೇರುಗಳ ನಡುವಿನ ಅಂತರವೂ ಇಲ್ಲಿಯೇ ಮುಖ್ಯವಾಗುತ್ತದೆ. ಮೊದಲ ಗೇರಿನಲ್ಲಿ 6,000 ಸುತ್ತು ಮುಟ್ಟಿ ಎರಡನೆಯದಕ್ಕೆ ಬದಲಿಸಿದರೆ ಸುತ್ತು ಸುಮಾರು 3,260ಕ್ಕೆ ಕುಸಿಯುತ್ತದೆ, ಸಾಮರ್ಥ್ಯ 61ರಿಂದ ಸುಮಾರು 36 ಕಿಲೋವ್ಯಾಟ್‌ಗೆ. ಎರಡರಿಂದ ಮೂರಕ್ಕೆ ಹೋಗುವಾಗ ಸುತ್ತು ಸುಮಾರು 4,100ಕ್ಕಷ್ಟೇ ಇಳಿಯುತ್ತದೆ, ಸಾಮರ್ಥ್ಯ 47ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗೇರುಗಳು ಹತ್ತಿರ ಹತ್ತಿರವಿದ್ದಷ್ಟೂ ಈ ಕುಸಿತ ಕಡಿಮೆ. ಆದರೆ ಪ್ರತಿ ಬದಲಾವಣೆಯಲ್ಲೂ ಕ್ಲಚ್ಚು ಒತ್ತಿದ ಅವಧಿಯಲ್ಲಿ ಚಕ್ರಕ್ಕೆ ಏನೂ ತಲುಪುವುದಿಲ್ಲವಾದ್ದರಿಂದ ಗೇರುಗಳನ್ನು ಮಿತಿಮೀರಿ ಹೆಚ್ಚಿಸಿಯೂ ಫಲವಿಲ್ಲ.

ಮೊದಲ ಗೇರಿನ ಅನುಪಾತಕ್ಕೆ ಇನ್ನೊಂದು ಮಿತಿಯಿದೆ. ಈ ಕಾರಿನ ಮೊದಲ ಗೇರಿನಲ್ಲಿ ಲೆಕ್ಕದ ಪ್ರಕಾರ 5,000 ನ್ಯೂಟನ್‌ಗೂ ಮಿಕ್ಕ ಬಲ ದೊರೆಯುತ್ತದೆ. ಆದರೆ ಮುಂಚಕ್ರಗಳ ಮೇಲೆ ಬೀಳುವ ತೂಕಕ್ಕೆ ಒಣ ರಸ್ತೆಯಲ್ಲಿ ಟೈರುಗಳ ಹಿಡಿತವೇ ಸುಮಾರು 4,500 ನ್ಯೂಟನ್. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಕಡಿಮೆ. ಅದನ್ನು ಮೀರಿದ್ದು ಟೈರಿನ ರಬ್ಬರನ್ನು ಸವೆಸುತ್ತದೆಯೇ ಹೊರತು ಕಾರನ್ನು ಮುಂದಕ್ಕೆ ಒಯ್ಯುವುದಿಲ್ಲ.

ಡೀಸೆಲ್ ಮತ್ತು ಪೆಟ್ರೋಲ್: ಒಂದು ನಿಜವಾದ ಜೋಡಿ

2018ರಲ್ಲಿ ಹೊರಬಂದ ಮಾರುತಿ ಸುಜುಕಿ ಸ್ವಿಫ್ಟ್ ಕಾರಿನ ಎರಡು ರೂಪಗಳು ಈ ವಿಷಯಕ್ಕೆ ಒಳ್ಳೆಯ ಪಾಠ. ಪೆಟ್ರೋಲ್ ಎಂಜಿನ್ 1,197 ಸಿ.ಸಿ., 6,000 ಸುತ್ತಿನಲ್ಲಿ 83 ಪಿ.ಎಸ್., 4,200 ಸುತ್ತಿನಲ್ಲಿ 113 ನ್ಯೂಟನ್-ಮೀಟರ್. ಡೀಸೆಲ್ ಎಂಜಿನ್ 1,248 ಸಿ.ಸಿ., 4,000 ಸುತ್ತಿನಲ್ಲಿ 75 ಪಿ.ಎಸ್., 2,000 ಸುತ್ತಿನಲ್ಲಿ 190 ನ್ಯೂಟನ್-ಮೀಟರ್. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ಮಾನದಂಡ ಜಾರಿಗೆ ಬಂದಾಗ ಕಂಪನಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದರೆ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಎರಡೂ ಕೈ ಬದಲಾಯಿಸುತ್ತಲೇ ಇವೆ.

ಟಾರ್ಕ್ ಅಂಕಿಯನ್ನಷ್ಟೇ ನೋಡಿದರೆ ಡೀಸೆಲ್ ಶೇಕಡಾ 68ರಷ್ಟು ಬಲಶಾಲಿ. ಆದರೆ ಈ ಡೀಸೆಲ್ ಎಂಜಿನ್ 4,000 ಸುತ್ತಿಗೇ ತನ್ನ ಗರಿಷ್ಠ ಸಾಮರ್ಥ್ಯ ಮುಟ್ಟುತ್ತದೆ. ಪೆಟ್ರೋಲ್ ಎಂಜಿನ್ 6,000 ಸುತ್ತಿನಲ್ಲಿ ತಲುಪುವ ವೇಗವನ್ನು ಡೀಸೆಲ್ 4,000 ಸುತ್ತಿನಲ್ಲೇ ತಲುಪಬೇಕಾದರೆ ಅದರ ಗೇರ್ ಅನುಪಾತ ಪೆಟ್ರೋಲಿನದರ ಮೂರನೇ ಎರಡು ಭಾಗದಷ್ಟಿರಬೇಕು. ಹಾಗೆ ಗೇರ್ ಕಟ್ಟಿದರೆ 190 ನ್ಯೂಟನ್-ಮೀಟರ್ ಚಕ್ರದ ಬಳಿ ಪೆಟ್ರೋಲ್ ಲೆಕ್ಕದ 127ಕ್ಕೆ ಸಮವಾಗುತ್ತದೆ. 113ರ ಎದುರಿಗೆ 127. ಶೇಕಡಾ 68ರ ಮುನ್ನಡೆ ಶೇಕಡಾ 12ಕ್ಕೆ ಇಳಿಯಿತು. ಪರಿಚಯ ಪತ್ರದ ದೊಡ್ಡ ಅಂಕಿ ಕರಗಿದ್ದು ಗೇರಿನಲ್ಲಿ.

ಹಾಗೆಂದು ಡೀಸೆಲ್ ಕಾರನ್ನು ಮೆಚ್ಚಿದವರು ಮೋಸಹೋದರೆಂದು ಹೇಳುವುದು ಅನ್ಯಾಯ. 2,000 ಸುತ್ತಿನಲ್ಲಿ ಆ ಡೀಸೆಲ್ ಎಂಜಿನ್ ನೀಡುವ ಸಾಮರ್ಥ್ಯ ಸುಮಾರು 40 ಕಿಲೋವ್ಯಾಟ್. ಅದೇ ಸುತ್ತಿನಲ್ಲಿ ಮೇಲಿನ ಲೆಕ್ಕದ ಪೆಟ್ರೋಲ್ ಎಂಜಿನ್ನಿನದು 20.5. ಗೇರ್ ಬದಲಿಸದೆ, ಎಂಜಿನ್ನನ್ನು ಹೆಚ್ಚು ತಿರುಗಿಸದೆ ಓಡಿಸುವ ಚಾಲಕನಿಗೆ ಡೀಸೆಲ್ ಕಾರು ಚುರುಕು ಎನಿಸಿದ್ದು ಭ್ರಮೆಯಲ್ಲ. ಎಂಜಿನ್ನನ್ನು ಅದರ ಮಿತಿಯವರೆಗೆ ತಿರುಗಿಸುವವನಿಗೆ 61 ಕಿಲೋವ್ಯಾಟ್‌ನ, ಸುಮಾರು 100 ಕೆ.ಜಿ. ಹಗುರವಾದ ಪೆಟ್ರೋಲ್ ಕಾರೇ ವೇಗದ್ದು. ಕಾರು ಯಾರ ಕೈಗೆ ಹೋಗುತ್ತದೆ, ಆತ ಹೇಗೆ ಓಡಿಸುತ್ತಾನೆ ಎಂಬುದನ್ನು ಬಿಟ್ಟು ಎರಡರಲ್ಲಿ ಯಾವುದು ಉತ್ತಮವೆಂದು ನಿರ್ಣಯಿಸುವುದು ಸಾಧ್ಯವಿಲ್ಲ.

ಘಾಟಿ ಏರುವ ಲಾರಿ

ಕರಾವಳಿಯ ಬಂದರಿನಿಂದ ಬಯಲುಸೀಮೆಗೆ ಸರಕು ತರಿಸುವ ವರ್ತಕರಿಗೆ ಶಿರಾಡಿ, ಚಾರ್ಮಾಡಿ ಘಾಟಿಗಳು ಪರಿಚಿತ. ಘಾಟಿಯಲ್ಲಿ ವೇಗೋತ್ಕರ್ಷದ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ. ವೇಗ ಹೆಚ್ಚಿಸುವುದಿರಲಿ, ಇರುವ ವೇಗವನ್ನು ಉಳಿಸಿಕೊಂಡರೆ ಸಾಕೆನಿಸುತ್ತದೆ. ಲೆಕ್ಕ ಮಾತ್ರ ಅದೇ.

ಸರಕು ಸಹಿತ 12 ಟನ್ ತೂಗುವ ಲಾರಿ, 125 ಪಿ.ಎಸ್. ಅಂದರೆ 92 ಕಿಲೋವ್ಯಾಟ್ ಎಂಜಿನ್. ವಟ್ಟ ಕಳೆದು ಚಕ್ರಕ್ಕೆ ತಲುಪುವುದು ಸುಮಾರು 80 ಕಿಲೋವ್ಯಾಟ್. ಕಡಿದಾದ ಪ್ರದೇಶದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರೂಢಿಯ ಮಿತಿಯಾಗಿ ಇಟ್ಟಿರುವ ಶೇಕಡಾ 6ರ ಏರನ್ನೇ ತೆಗೆದುಕೊಂಡರೆ, ತೂಕವನ್ನು ಮೇಲೆಳೆಯಲು ಸುಮಾರು 7,060 ನ್ಯೂಟನ್, ಟೈರುಗಳ ಪ್ರತಿರೋಧಕ್ಕೆ ಸುಮಾರು 1,180 ನ್ಯೂಟನ್, ಒಟ್ಟು 8,240 ನ್ಯೂಟನ್ ಬೇಕು. 80,000 ವ್ಯಾಟ್‌ಗಳನ್ನು 8,240ರಿಂದ ಭಾಗಿಸಿದರೆ ಸೆಕೆಂಡಿಗೆ 9.7 ಮೀಟರ್, ಗಂಟೆಗೆ 35 ಕಿ.ಮೀ. ಯಾವ ಗೇರ್ ಹಾಕಿದರೂ, ಎಂತಹ ನಿಪುಣ ಚಾಲಕನಿದ್ದರೂ ಈ ಲಾರಿ ಆ ಏರಿನಲ್ಲಿ 35ನ್ನು ಮೀರಿ ಸ್ಥಿರವಾಗಿ ಓಡಲಾರದು. ಅದು ಎಂಜಿನ್ ಹಾಕಿದ ಗೆರೆ.

ಆ 35 ದಕ್ಕುತ್ತದೆಯೇ ಎಂಬುದನ್ನು ಗೇರ್ ನಿರ್ಧರಿಸುತ್ತದೆ. ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 2,400 ಸುತ್ತಿನಲ್ಲಿ ಬರುತ್ತದೆ, ಆ ಸುತ್ತಿನಲ್ಲಿ ನಾಲ್ಕನೇ ಗೇರು 44 ಕಿ.ಮೀ. ವೇಗವನ್ನೂ ಮೂರನೇ ಗೇರು 27 ಕಿ.ಮೀ. ವೇಗವನ್ನೂ ನೀಡುತ್ತದೆ ಎಂದು ಭಾವಿಸಬಹುದು. ನಾಲ್ಕನೇ ಗೇರಿನಲ್ಲಿ 2,400 ಸುತ್ತಿನ ಬಲ ಸುಮಾರು 6,560 ನ್ಯೂಟನ್. ಸುತ್ತು ಇಳಿದು ಟಾರ್ಕ್ ಶೇಕಡಾ 15ರಷ್ಟು ಏರಿದರೂ ಬಲ 7,500ರ ಸುಮಾರಿಗೆ ನಿಲ್ಲುತ್ತದೆ. ಬೇಕಾದದ್ದು 8,240. ಚಾಲಕ ಮೂರಕ್ಕೆ ಇಳಿಸಲೇಬೇಕು. ಮೂರನೆಯದರಲ್ಲಿ ಬಲ 10,600ಕ್ಕೂ ಹೆಚ್ಚು, ಬೇಕಾದುದಕ್ಕಿಂತ ಧಾರಾಳ. ಆದರೆ ಎಂಜಿನ್ನಿನ ಸುತ್ತು ಮಿತಿ ಮುಟ್ಟಿರುವುದರಿಂದ 27 ಕಿ.ಮೀ. ದಾಟುವಂತಿಲ್ಲ. ಎಂಜಿನ್ನಿನಲ್ಲಿ 35ರ ಸಾಮರ್ಥ್ಯವಿದ್ದೂ ಗೇರುಗಳ ನಡುವಿನ ಕಂದಕದಲ್ಲಿ ಗಂಟೆಗೆ 8 ಕಿ.ಮೀ. ನಷ್ಟ. 20 ಕಿ.ಮೀ. ಏರಿಗೆ 34 ನಿಮಿಷದ ಬದಲು 44 ನಿಮಿಷ. ಭಾರಿ ವಾಹನಗಳಲ್ಲಿ ಎಂಟು, ಒಂಬತ್ತು ಗೇರುಗಳಿರುವುದು ಆಡಂಬರಕ್ಕಲ್ಲ, ಈ ಕಂದಕಗಳನ್ನು ತುಂಬುವುದಕ್ಕೆ.

ಅದೇ ಲಾರಿಗೆ 3 ಟನ್ ಹೆಚ್ಚು ತುಂಬಿದರೆ ಬೇಕಾದ ಬಲ 10,300 ನ್ಯೂಟನ್‌ಗೆ ಏರಿ ವೇಗದ ಗೆರೆ 28 ಕಿ.ಮೀ.ಗೆ ಇಳಿಯುತ್ತದೆ. ಒಂದು ಸಲಕ್ಕೆ ಹೆಚ್ಚು ಸರಕು ಸಾಗಿತೆಂಬ ಲಾಭದ ಎದುರಿಗೆ ಎಂಜಿನ್ ಪೂರ್ತಿ ಹೊತ್ತು ಮಿತಿಯಲ್ಲೇ ದುಡಿಯುವ, ಇಳಿಯುವಾಗ ಬ್ರೇಕುಗಳು ಕಾಯುವ ವೆಚ್ಚವನ್ನು ಬರೆಯಬೇಕು. ಕಾನೂನಿನ ಬಾಬ್ತು ಬೇರೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ ಮಿತಿಮೀರಿದ ಹೇರಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಸರಕು ವಾಹನಗಳ ತಯಾರಕರು ಒಂದೇ ಮಾದರಿಗೆ ಎರಡು, ಮೂರು ಬಗೆಯ ಹಿಂದಿನ ಆಕ್ಸಲ್ ಅನುಪಾತಗಳನ್ನು ಒದಗಿಸುವುದುಂಟು. ಬಯಲಿನಲ್ಲಿ ದೀರ್ಘ ದೂರ ಓಡುವ ವಾಹನಕ್ಕೆ ಕಡಿಮೆ ಅನುಪಾತ, ಘಾಟಿ ಮತ್ತು ಗಣಿಗಳ ಹಾದಿಯಲ್ಲಿ ಓಡುವುದಕ್ಕೆ ಹೆಚ್ಚಿನ ಅನುಪಾತ ಒಪ್ಪುತ್ತದೆ. ಮಳಿಗೆಯಲ್ಲಿ ಸಿದ್ಧವಿದ್ದುದನ್ನೇ ಒಪ್ಪಿಕೊಳ್ಳುವ ಬದಲು ಇದನ್ನು ಕೇಳಿ ಪಡೆಯುವುದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಕೆಲವು ವಾರ ಕಾಯುವ ತಾಳ್ಮೆ ಬೇಕಾದೀತು.

ತೆರಿಗೆಯ ಗೆರೆ ಬೇರೆ

ತೆರಿಗೆ ವ್ಯವಸ್ಥೆಯು ಸಾಮರ್ಥ್ಯವನ್ನು ಲೆಕ್ಕಿಸುವುದಿಲ್ಲ ಎಂಬುದು ಖರೀದಿದಾರರಿಗೆ ಅನುಕೂಲವಾದ ವಿಚಿತ್ರ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿ.ಎಸ್.ಟಿ. ದರಗಳಲ್ಲಿ 4 ಮೀಟರ್ ಉದ್ದ ಮೀರದ, 1,200 ಸಿ.ಸಿ.ವರೆಗಿನ ಪೆಟ್ರೋಲ್ ಅಥವಾ 1,500 ಸಿ.ಸಿ.ವರೆಗಿನ ಡೀಸೆಲ್ ಕಾರಿಗೆ ಶೇಕಡಾ 18, ಅದನ್ನು ಮೀರಿದ ಕಾರುಗಳಿಗೆ ಶೇಕಡಾ 40 ದರವಿದೆ. ಅಳೆಯುವುದು ಸಿಲಿಂಡರಿನ ಗಾತ್ರವನ್ನು ಮತ್ತು ವಾಹನದ ಉದ್ದವನ್ನು, ಕಿಲೋವ್ಯಾಟನ್ನಲ್ಲ. ಆದ್ದರಿಂದಲೇ ಒಂದು ಲೀಟರಿನ ಎಂಜಿನ್ನಿಗೆ ಟರ್ಬೊ ಜೋಡಿಸಿ 100 ಪಿ.ಎಸ್. ಆಸುಪಾಸಿನ ಸಾಮರ್ಥ್ಯ ಪಡೆಯುವ ಮಾರ್ಗ ತಯಾರಕರಿಗೆ ಪ್ರಿಯವಾಯಿತು. 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನದ ಮೇಲೆ ತೆತ್ತ ಜಿ.ಎಸ್.ಟಿ.ಯನ್ನು ಸಾಮಾನ್ಯ ವರ್ತಕರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುವಂತಿಲ್ಲವಾದ್ದರಿಂದ 18 ಮತ್ತು 40ರ ನಡುವಿನ ಅಂತರ ಪೂರ್ತಿಯಾಗಿ ಖರೀದಿದಾರನ ಕೈಯಿಂದಲೇ ಹೋಗುತ್ತದೆ. ಸರಕು ಸಾಗಣೆ ವಾಹನಗಳಿಗೆ ಈ ನಿರ್ಬಂಧವಿಲ್ಲ.

ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಬದಲಿಸುವ ಗೇರುಗಳೇ ಇರುವುದಿಲ್ಲ, ಒಂದೇ ಸ್ಥಿರ ಅನುಪಾತ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಮೋಟಾರು 129 ಪಿ.ಎಸ್. ಮತ್ತು 245 ನ್ಯೂಟನ್-ಮೀಟರ್‌ನದು. ಇಂತಹ ಮೋಟಾರು ನಿಂತಲ್ಲಿಂದಲೇ ಗರಿಷ್ಠ ಟಾರ್ಕ್ ನೀಡಿ, ಒಂದು ಸುತ್ತಿನ ನಂತರ ಟಾರ್ಕ್ ಇಳಿದರೂ ಸಾಮರ್ಥ್ಯವನ್ನು ಬಹುಮಟ್ಟಿಗೆ ಸಮನಾಗಿ ಕಾಯ್ದುಕೊಳ್ಳುತ್ತದೆ. ಗೇರ್ ಪೆಟ್ಟಿಗೆ ಮಾಡಬೇಕಾದ ಕೆಲಸವನ್ನು ಮೋಟಾರೇ ಮಾಡುವುದರಿಂದ ಪೆಟ್ಟಿಗೆಯ ಅಗತ್ಯ ತಪ್ಪಿತು.

ಪರೀಕ್ಷಾ ಚಾಲನೆಯಲ್ಲಿ ನೋಡಬೇಕಾದದ್ದು

ಮಳಿಗೆಯವರು ಕೊಡುವ ಪರೀಕ್ಷಾ ಚಾಲನೆಯು ಬಹುತೇಕ ಒಬ್ಬರೇ ಕುಳಿತು, ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವುದಕ್ಕೆ ಸೀಮಿತವಾಗಿರುತ್ತದೆ. ಅದರಿಂದ ತಿಳಿಯುವುದು ಆಸನದ ಮೆತ್ತೆ ಮಾತ್ರ. ನಿತ್ಯ ಎಷ್ಟು ಮಂದಿ ಪ್ರಯಾಣಿಸುತ್ತಾರೋ ಅಷ್ಟು ಮಂದಿಯನ್ನು ಕೂರಿಸಿಕೊಂಡು, ಹವಾನಿಯಂತ್ರಣ ಚಾಲೂ ಇಟ್ಟು, ತೆರವಾದ ರಸ್ತೆಯಲ್ಲಿ 40 ಕಿ.ಮೀ.ಯಿಂದ 80 ಕಿ.ಮೀ.ಗೆ ಮೂರನೇ ಗೇರಿನಲ್ಲಿ ಎಷ್ಟು ಸೆಕೆಂಡು, ನಾಲ್ಕನೆಯದರಲ್ಲಿ ಎಷ್ಟು ಸೆಕೆಂಡು ಎಂಬುದನ್ನು ಪಕ್ಕದಲ್ಲಿ ಕುಳಿತವರು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಅದೇ ದಿನ, ಅದೇ ರಸ್ತೆಯಲ್ಲಿ, ಅದೇ ಮಂದಿಯೊಡನೆ ಎರಡನೇ ವಾಹನವನ್ನೂ ಹೀಗೆಯೇ ಅಳೆಯಬೇಕು. ಹತ್ತಿರದಲ್ಲಿ ಏರಿದ್ದರೆ ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಬೇಕು, ಕ್ಲಚ್ಚಿನ ವಾಸನೆ ಬಂದರೆ ಮೊದಲ ಗೇರು ಆ ಹೇರಿಗೆ ಸಾಲದೆಂದು ಅರ್ಥ.

ಕೊಂಡ ಮೇಲೆ ಅಂದಕ್ಕಾಗಿ ದೊಡ್ಡ ಟೈರು ಹಾಕಿಸುವವರಿಗೆ ಒಂದು ಮಾತು. ಟೈರಿನ ಸುತ್ತಳತೆ ಶೇಕಡಾ 5ರಷ್ಟು ಹೆಚ್ಚಿದರೆ ಎಲ್ಲ ಗೇರುಗಳಲ್ಲೂ ಚಕ್ರದ ಬಲ ಸುಮಾರು ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ವೇಗಮಾಪಕ 60 ತೋರಿಸುವಾಗ ಹಿಂದೆ 60ರಲ್ಲಿ ಓಡುತ್ತಿದ್ದ ವಾಹನ ಈಗ 63ರಲ್ಲಿ ಓಡುತ್ತಿರುತ್ತದೆ.